ಬರ್ಲಿನ್, ಆಮ್‌ಸ್ಟರ್‌ಡ್ಯಾಮ್, ಲಂಡನ್: ಗುತ್ತಿಗೆ ದರಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ

ಬೆಂಗಳೂರಿನಿಂದ ಬ್ಲೂ ಕಾರ್ಡ್ (ಪರಿಣತ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಮೇಲೆ ಬರ್ಲಿನ್‌ಗೆ ಬಂದ ನಾನು ಈಗ ಜರ್ಮನಿಯ ಕಾಯಂ ನಿವಾಸ ಪರವಾನಗಿ ಪಡೆದಿದ್ದೇನೆ; ನೌಕರಿ ಬಿಟ್ಟು ಫ್ರೀಲಾನ್ಸ್ ಗುತ್ತಿಗೆಗೆ ಇಳಿಯುವ ಯೋಚನೆಯಿದೆ. ಬ್ಯಾಕೆಂಡ್ ಕೆಲಸಕ್ಕೆ ಬರ್ಲಿನ್‌ನ ಗ್ರಾಹಕರೊಬ್ಬರು ಗಂಟೆಗೆ 80 ಯೂರೋ, ಆಮ್‌ಸ್ಟರ್‌ಡ್ಯಾಮ್‌ನವರು 90 ಯೂರೋ ಹೇಳಿದ್ದಾರೆ. ಲಂಡನ್ನಿನವರು ಕೊಡುವುದು ದಿನಕ್ಕೆ 500 ಪೌಂಡ್, ಆದರೆ ‘ಇನ್‌ಸೈಡ್ ಐಆರ್35’, ಅಂದರೆ ಬ್ರಿಟನ್ನಿನ ಐಆರ್35 ತೆರಿಗೆ ನಿಯಮದೊಳಗೆ ಬರುವ ಕೆಲಸ, ಎಂದಿದ್ದಾರೆ. ಹೆಂಡತಿ ಸದ್ಯ ಕೆಲಸದಲ್ಲಿಲ್ಲ, ಮಗಳಿಗೆ ಮೂರು ವರ್ಷ. ಖರ್ಚೆಲ್ಲ ಕಳೆದು ಎಲ್ಲಿ ಹೆಚ್ಚು ಉಳಿದೀತು?

ಉತ್ತರ 1 (ಬರ್ಲಿನ್)

ವರ್ಷದ ಸುಮಾರು 260 ಕೆಲಸದ ದಿನಗಳಲ್ಲಿ ಹಬ್ಬ, ರಜೆ, ಜ್ವರ, ಎರಡು ಗುತ್ತಿಗೆಗಳ ನಡುವಿನ ಖಾಲಿ ವಾರಗಳನ್ನು ಕಳೆದು 200 ದಿನಕ್ಕೆ ಮಾತ್ರ ಬಿಲ್ ಮಾಡುತ್ತೀರಿ ಎಂದಿಟ್ಟುಕೊಳ್ಳುವುದು ಕ್ಷೇಮ. ಆಗ ದಿನಕ್ಕೆ ಎಂಟು ಗಂಟೆಯಂತೆ, 80 ಯೂರೋ ದರದಲ್ಲಿ ವರ್ಷಕ್ಕೆ 1,28,000 ಯೂರೋ ಆಗುತ್ತದೆ. ಬಿಲ್ಲಿನಲ್ಲಿ ಸೇರುವ 19% ವ್ಯಾಟ್ ನಿಮ್ಮ ಹಣವಲ್ಲ, ಅದನ್ನು ಪ್ರತ್ಯೇಕ ಖಾತೆಯಲ್ಲಿಡಿ.

ಆದಾಯ ತೆರಿಗೆಯ 42% ಹಂತ ಒಂಟಿಯಾಗಿರುವವರಿಗೆ 70,000 ಯೂರೋ ಆಸುಪಾಸಿನಲ್ಲೇ ಶುರುವಾಗುತ್ತದೆ. ದಂಪತಿ ಜಂಟಿಯಾಗಿ ವಿವರ ಸಲ್ಲಿಸಿದರೆ ಆದಾಯವನ್ನು ಇಬ್ಬರಿಗೂ ಸಮನಾಗಿ ಹಂಚಿದಂತೆ ಲೆಕ್ಕ ಹಾಕುವುದರಿಂದ ಈ ಮಿತಿ ಇಮ್ಮಡಿಯಾಗುತ್ತದೆ. ಹೆಂಡತಿಗೆ ಸಂಬಳವಿಲ್ಲದ ನಿಮ್ಮಂಥವರಿಗೆ ಇದೇ ಅತಿ ದೊಡ್ಡ ಲಾಭ. ಎಷ್ಟೋ ಹೋಲಿಕೆ ಪಟ್ಟಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ನೌಕರಿಯಲ್ಲಿ ಆರೋಗ್ಯ ವಿಮೆಯ ಅರ್ಧ ಪಾಲು ಕಂಪನಿಯದು, ಫ್ರೀಲಾನ್ಸರ್‌ಗೆ ಪೂರ್ತಿ ಹೊರೆ ತನ್ನದೇ. ನಿಮ್ಮ ಆದಾಯಕ್ಕೆ ಸಾರ್ವಜನಿಕ ವಿಮೆ, ಆರೈಕೆ ವಿಮೆ ಸೇರಿ ತಿಂಗಳಿಗೆ 1,000 ಯೂರೋ ಮೀರುತ್ತದೆ, ಆದರೆ ಅದರಲ್ಲೇ ಹೆಂಡತಿ, ಮಗಳಿಗೂ ಪುಕ್ಕಟೆ ರಕ್ಷಣೆ ಸಿಗುತ್ತದೆ. ಖಾಸಗಿ ವಿಮೆಗೆ ಹೋದರೆ ತಲಾ ಕಂತು ಕಟ್ಟಬೇಕು. ಇನ್ನು ಬರ್ಲಿನ್‌ನ ಕಿಟಾಗಳಿಗೆ, ಅಂದರೆ ಶಿಶುವಿಹಾರಗಳಿಗೆ, 2018ರಿಂದ ಶುಲ್ಕವೇ ಇಲ್ಲ, ಊಟದ ಹಣ ಮಾತ್ರ. ಹಳೆಯ ಕರಾರಿನ ಮನೆಯಲ್ಲಿದ್ದರೆ ಅದನ್ನು ಬಿಡುವ ಮುನ್ನ ಎರಡು ಸಲ ಯೋಚಿಸಿ. ಆ ಬಾಡಿಗೆಗೆ ಅದೇ ಬೀದಿಯಲ್ಲೂ ಮತ್ತೆ ಮನೆ ಸಿಗುವುದು ಕಷ್ಟ.

ಉತ್ತರ 2 (ಲಂಡನ್)

‘ಇನ್‌ಸೈಡ್ ಐಆರ್35’ ಎಂದರೆ ತೆರಿಗೆಯ ಮಟ್ಟಿಗೆ ನೀವು ನೌಕರರಂತೆ. 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ ಇದನ್ನು ನಿರ್ಧರಿಸುವ ಹೊಣೆ ಗ್ರಾಹಕರದೇ ಆಗಿದೆ. ಹಾಗಾಗಿ ತಂಟೆಯೇ ಬೇಡವೆಂದು ಅಂಬ್ರೆಲಾ ಕಂಪನಿಯ (ಗುತ್ತಿಗೆದಾರರನ್ನು ತನ್ನ ನೌಕರರನ್ನಾಗಿಸಿಕೊಂಡು ಸಂಬಳ ಕೊಡುವ ಮಧ್ಯವರ್ತಿ ಕಂಪನಿ) ಮೂಲಕ ಬನ್ನಿ ಎನ್ನುವವರೇ ಬಹಳ. ಆಗ ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತಾ ವಂತಿಗೆ ಕೂಡ (2025ರ ಏಪ್ರಿಲ್‌ನಿಂದ 15%) ನಿಮ್ಮ 500 ಪೌಂಡಿನೊಳಗಿನಿಂದಲೇ ಹೋಗುತ್ತದೆ, ಮಿಕ್ಕಿದ್ದರ ಮೇಲೆ ನಿಮ್ಮ ತೆರಿಗೆ. ದಂಪತಿಯ ಆದಾಯವನ್ನು ಸಮನಾಗಿ ಹಂಚುವ ಜರ್ಮನ್ ಪದ್ಧತಿ ಇಲ್ಲಿಲ್ಲ. ಇಷ್ಟರ ಮೇಲೆ ಲಂಡನ್ ಬಾಡಿಗೆ! ಸ್ಕಿಲ್ಡ್ ವರ್ಕರ್ ವೀಸಾಗೆ ಪ್ರಾಯೋಜಕ ಕಂಪನಿ ಬೇಕಾದ್ದರಿಂದ, ನಿಮ್ಮ ಮಟ್ಟಿಗೆ ಇದನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಉತ್ತರ 3 (ಆಮ್‌ಸ್ಟರ್‌ಡ್ಯಾಮ್)

ನಿಮ್ಮ ಜರ್ಮನ್ ಕಾಯಂ ಪರವಾನಗಿ ಜರ್ಮನಿಯಲ್ಲಿ ದುಡಿಯಲು ಮಾತ್ರ. ಅದರ ಬಲದ ಮೇಲೆ ಇಲ್ಲಿ ಬಂದು ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ. ಭಾರತೀಯ ಪಾಸ್‌ಪೋರ್ಟಿನವರು ಅಂಕ ಪದ್ಧತಿಯ ಪ್ರತ್ಯೇಕ ಪರವಾನಗಿ ಪಡೆಯಬೇಕು. ‘30% ರೂಲಿಂಗ್’ ಎಂಬ ಪ್ರಸಿದ್ಧ ತೆರಿಗೆ ರಿಯಾಯಿತಿ ನೌಕರರಿಗಷ್ಟೇ. ಸ್ವತಂತ್ರ ಉದ್ಯೋಗಿಗಳು ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದಾದ ಮೊತ್ತ 2025ರಲ್ಲಿ 2,470 ಯೂರೋ ಇದ್ದದ್ದು 2026ಕ್ಕೆ 1,200ಕ್ಕೆ ಇಳಿದಿದೆ. ಆದರೆ ಬರ್ಲಿನ್‌ನಲ್ಲೇ ಕುಳಿತು ಈ ಡಚ್ ಗ್ರಾಹಕರ ಕೆಲಸ ಮಾಡಲು ಅಡ್ಡಿಯಿಲ್ಲ: ರಿವರ್ಸ್ ಚಾರ್ಜ್ (ವ್ಯಾಟ್ ಹೊಣೆ ಗ್ರಾಹಕರದೇ) ನಿಯಮದಂತೆ ಬಿಲ್ಲಿನಲ್ಲಿ ವ್ಯಾಟ್ ಹಾಕುವುದಿಲ್ಲ, ಆದಾಯ ತೆರಿಗೆ ಜರ್ಮನಿಯಲ್ಲೇ. 90 ಯೂರೋ ದರ, ಬರ್ಲಿನ್‌ನ ಖರ್ಚು. ನಾನಾಗಿದ್ದರೆ ಇದನ್ನೇ ಕೇಳುತ್ತಿದ್ದೆ.

ಪ್ರಶ್ನೆ ಕೇಳಿದವರು

ಕೊನೆಯ ಸಲಹೆ ಹಿಡಿಸಿತು. ಆದರೆ ವರ್ಷಪೂರ್ತಿ ಆ ಒಬ್ಬರೇ ಗ್ರಾಹಕರಿದ್ದರೆ ತೊಂದರೆಯೇ?

ಉತ್ತರ 1 (ಬರ್ಲಿನ್)

ಬಹುಮಟ್ಟಿಗೆ ಒಬ್ಬರೇ ಗ್ರಾಹಕರಿದ್ದು, ನಿಮ್ಮ ಕೈಕೆಳಗೆ ನೌಕರರಿಲ್ಲದಿದ್ದರೆ ಜರ್ಮನಿಯ ಸಾರ್ವಜನಿಕ ಪಿಂಚಣಿಗೆ 18.6% ವಂತಿಗೆಯನ್ನು ಪೂರ್ತಿ ನೀವೇ ಕಟ್ಟುವುದು ಕಡ್ಡಾಯ. ಹೊಸದಾಗಿ ಸ್ವತಂತ್ರ ಉದ್ಯೋಗ ಆರಂಭಿಸುವವರು ಅರ್ಜಿ ಹಾಕಿದರೆ ಮೊದಲ ಮೂರು ವರ್ಷ ಇದರಿಂದ ವಿನಾಯಿತಿ ಪಡೆಯಬಹುದು, ಹಾಗಾಗಿ ಆರಂಭದಲ್ಲೇ ಅರ್ಜಿ ಕೊಡಿ, ಅಷ್ಟರೊಳಗೆ ಎರಡನೆಯ ಗ್ರಾಹಕರನ್ನು ಹುಡುಕಿಕೊಳ್ಳಿ.