ಸಹಾಯ ಬೇಕು: ಪೆಟ್ರೋಲ್ ಟ್ಯಾಂಕ್ ಮುಚ್ಚಳ ಮನೆಯಲ್ಲೇ ಬದಲಿಸಬೇಕು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಕಾರಿನ ಹಿಂದೆ ನಿಂತರೆ ಪೆಟ್ರೋಲ್ ವಾಸನೆ. ಪೈಪ್ ಸೋರುತ್ತಿದೆಯೇನೋ ಅಂತ ಬಗ್ಗಿ ನೋಡಿದೆ, ಎಲ್ಲೂ ತೇವ ಇರಲಿಲ್ಲ. ಮೊನ್ನೆ ಚೆಕ್ ಇಂಜಿನ್ ದೀಪವೂ ಹತ್ತಿಕೊಂಡಿತು. ಸ್ನೇಹಿತರ ಸ್ಕ್ಯಾನರ್ ಹಾಕಿದಾಗ ಪಿ0457 ಕೋಡ್ ಬಂತು. ಟ್ಯಾಂಕಿನ ಆವಿ ಹೊರಗೆ ಹೋಗುತ್ತಿದೆ, ಮುಚ್ಚಳ ಸಡಿಲ ಇರಬಹುದು ಅಂತ ಅದರ ಅರ್ಥ.

ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ರಿಂಗ್ ಒಣಗಿ ಸೀಳು ಬಿಟ್ಟಿದೆ. ಎಷ್ಟು ತಿರುಗಿಸಿದರೂ ಮೊದಲಿನ ಹಾಗೆ 'ಟಕ್ ಟಕ್' ಅನ್ನುವುದಿಲ್ಲ, ಸುಮ್ನೆ ತಿರುಗುತ್ತದೆ. ಹಾಗಾಗಿ ರಿಂಗ್ ಒಂದನ್ನೇ ಹಾಕಿದರೆ ಸಾಲದು, ಇಡೀ ಮುಚ್ಚಳವೇ ಬೇಕು ಅಂತ ನನಗನಿಸುತ್ತದೆ. ಸರಿ ಅಲ್ವಾ?

ಕೊಳ್ಳುವಾಗ ಥ್ರೆಡ್ ಹೊಂದಿದರೆ ಸಾಕಾ? ಮುಚ್ಚಳದ ಒಳಗೆ ಗಾಳಿ ಒಳಗೆಳೆದುಕೊಳ್ಳುವ ಚಿಕ್ಕ ವಾಲ್ವ್ ಇರುತ್ತದೆ. ಅದೂ ನನ್ನ ಕಾರಿನ ಮಾಡೆಲ್‌ಗೆ ಸರಿಯಾಗಿರಬೇಕಲ್ಲ. ಬೇರೆ ಕಂಪನಿಯದ್ದು ಹಾಕಿ ಜಾಸ್ತಿ ದಿನ ಓಡಿಸಿದವರು ಇದ್ದರೆ ಹೇಳಿ.

ನನಗೆ ನಿಜವಾಗಿ ಭಯ ಇರುವುದು ಮುಚ್ಚಳಕ್ಕೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯದ್ದು. ಅದರ ಇನ್ನೊಂದು ತುದಿ ಪೆಟ್ರೋಲ್ ಹಾಕುವ ಜಾಗದ ಚಿಕ್ಕ ಹೊರಬಾಗಿಲಿನ ಹತ್ತಿರದ ತೂತಿನಲ್ಲಿ ಗಟ್ಟಿಯಾಗಿ ಕೂತಿದೆ. ಎಳೆದರೆ ತಲೆ ಮುರಿದು ಒಳಗೇ ಉಳಿಯುತ್ತದೇನೋ. ಇಕ್ಕಳದಲ್ಲಿ ಹಿಡಿದು ತಿರುಗಿಸಬೇಕಾ, ಪ್ಲಾಸ್ಟಿಕ್ ಸಲಕರಣೆಯಿಂದ ಮೀಟಬೇಕಾ? ಪೆಟ್ರೋಲ್ ಆವಿ ಇರುವ ಜಾಗ, ಬಿಸಿ ಮಾಡಿ ತೆಗೆಯುವ ಉಪಾಯ ಮಾತ್ರ ಬೇಡ.

ಹೊಸದು ಹಾಕಿದ ಮೇಲೆ ದೀಪ ತಾನಾಗಿ ಆರಲು ನಿಮಗೆ ಎಷ್ಟು ದಿನ ಹಿಡಿಯಿತು?