ಪ್ಲೋ ಅನ್ನೋ ಪದಕ್ಕೆ ಹಳೇ ಬೇರೇ ಇಲ್ವಾ?

ಪದಮೂಲ: ನೇಗಿಲಿಗೆ ಇಂಗ್ಲಿಷಿನ ಪ್ಲೋ, ಜರ್ಮನ್ನಿನ ಪ್ಫ್ಲೂಗ್, ಸ್ವೀಡಿಷಿನ ಪ್ಲೂಗ್ ಎಲ್ಲಕ್ಕೂ *ಪ್ಲೋಗಜ್ ಅಂತ ಮೂಲರೂಪ (ನಕ್ಷತ್ರ ಗುರುತು ಅಂದ್ರೆ ಊಹಿಸಿ ಕಟ್ಟಿದ್ದು) ಕೊಟ್ಟು ಡಿಕ್ಷನರಿ ಅಲ್ಲಿಗೇ ನಿಲ್ಲತ್ತೆ. ಯುರೋಪಲ್ಲಿ ಉಳುಮೆ ಸಾವಿರಾರು ವರ್ಷ ಹಳೇದು, ಮತ್ತೆ ಇಂಡೋ-ಯುರೋಪಿಯನ್ (ಲ್ಯಾಟಿನ್, ಇಂಗ್ಲಿಷ್, ಸಂಸ್ಕೃತ ಎಲ್ಲದರ ಮೂಲಭಾಷೆ) ಬೇರು ಯಾಕೆ ತೋರ್ಸಲ್ಲ?

ಹೊಲಗದ್ದೆ: ಮೊದಲಕ್ಷರದಲ್ಲೇ ಸುಳಿವಿದೆ ನೋಡಿ. ಗ್ರಿಮ್ ನಿಯಮದ ಪ್ರಕಾರ ಮೂಲಭಾಷೆಯ 'ಪ', ಇಂಗ್ಲಿಷ್-ಜರ್ಮನ್-ಸ್ವೀಡಿಷ್ ಇರೋ ಕುಟುಂಬವಾದ ಜರ್ಮಾನಿಕ್‌ಗೆ ಬರ್ತಾ 'ಫ' ಆಗತ್ತೆ, ಲ್ಯಾಟಿನ್ನಿನ ಪಾತೆರ್ ಎದುರಿಗೆ ಇಂಗ್ಲಿಷಲ್ಲಿ ಫಾದರ್ ಇದ್ಯಲ್ಲ ಹಾಗೆ. ಜರ್ಮಾನಿಕ್‌ನಲ್ಲಿ 'ಪ' ಕಾಣ್ಬೇಕಂದ್ರೆ ಮೂಲದಲ್ಲಿ 'ಬ' ಇರ್ಬೇಕು, ಆ 'ಬ' ಮೂಲಭಾಷೇಲಿ ತೀರಾ ಅಪರೂಪ, ಅದಕ್ಕೇ 'ಪ'ದಿಂದ ಶುರುವಾಗೋ ಜರ್ಮಾನಿಕ್ ಪದ ಕಂಡ ತಕ್ಷಣ ಎಲ್ಲಿಂದಲೋ ಎರವಲು ಬಂದಿರ್ಬೇಕು ಅಂತ ಅನುಮಾನ ಪಡ್ತಾರೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಆಲ್ಪ್ಸ್ ಕಡೆಯ ರೇಶಿಯಾದಲ್ಲಿ ನೇಗಿಲಿಗೆ ಎರಡು ಚಿಕ್ಕ ಗಾಲಿ ಸೇರ್ಸೋದನ್ನ ಈಚೆಗೆ ಕಂಡುಹಿಡಿದಿದಾರೆ, ಅದಕ್ಕೆ ಪ್ಲೌಮೊರಾಟಿ ಅಂತಾರೆ ಅಂತ ಬರೆದಿದಾನೆ. ಆ 'ಪ್ಲೌ' ಇದೇ ಪದ ಇರ್ಬಹುದು ಅಂತ ತುಂಬಾ ಜನ ಹೇಳ್ತಾರೆ, ಆದ್ರೆ ಹಸ್ತಪ್ರತಿ ಪಾಠ ಅಲ್ಲಿ ಕೆಟ್ಟಿದೆ, ಜಾಸ್ತಿ ಭಾರ ಹಾಕ್ಬೇಡಿ.

ಮಣ್ಣುಭಾಷೆ: ಹಳೇ ಪದಗಳು ಇದ್ವು ಸಾರ್. ಉಳೋದಕ್ಕೆ ಲ್ಯಾಟಿನ್ನಲ್ಲಿ ಅರಾರೆ, ಹಳೇ ಜರ್ಮಾನಿಕ್ ಭಾಷೆಯಾದ ಗಾಥಿಕ್‌ನಲ್ಲಿ ಅರ್ಯಾನ್, ಹಳೇ ಇಂಗ್ಲಿಷಲ್ಲಿ ಎರಿಯಾನ್, ಎಲ್ಲ ಒಂದೇ ಬೇರು. ನೇಗಿಲಿಗೆ ಹಳೇ ಇಂಗ್ಲಿಷ್ ಪದ ಸುಲ್ಹ್. 4ನೇ ಶತಮಾನದ ಗಾಥಿಕ್ ಬೈಬಲ್ಲಲ್ಲಿ, ನೇಗಿಲಿಗೆ ಕೈಯಿಟ್ಟು ಹಿಂದೆ ನೋಡೋನ ವಾಕ್ಯ ಬರತ್ತಲ್ಲ, ಅಲ್ಲೂ ಹೋಹಾ ಅಂತಿದೆ, ಪ್ಲೋ ಇಲ್ಲ. ಹಳೇ ನೇಗಿಲು ಮಣ್ಣನ್ನ ಗೀರ್ತಿತ್ತು ಅಷ್ಟೆ, ಆಮೇಲೆ ಬಂದ ಭಾರದ ನೇಗಿಲು ಹೆಂಟೆಯನ್ನ ಮಗುಚಿ ಹಾಕೋದು, ಉತ್ತರದ ಜಿಗುಟು ಮಣ್ಣಿಗೆ ಅದೇ ಬೇಕಿತ್ತು. ಹೊಸ ಸಲಕರಣೆ ಜೊತೆ ಹೊಸ ಹೆಸರು ಬಂತು ಅನ್ನೋದೇ ನಂಗೆ ಸರಿ ಕಾಣತ್ತೆ.

ಪದಮೂಲ: ಈಗ ಅರ್ಥ ಆಯ್ತು, ಥ್ಯಾಂಕ್ಸ್! ಎರವಲು ಯಾವಾಗ ಆಯ್ತು ಅಂತ ಹೇಳ್ಬಹುದಾ?

ತುಂಗಾತೀರ: ಅದು ಗೊತ್ತಾಗೋಕೆ ಮುಂಚೆ ಒಂದ್ಮಾತು, ಸಂಸ್ಕೃತದಲ್ಲೂ ಇದೇ ಕಥೆ. ಋಗ್ವೇದದ 4ನೇ ಮಂಡಲದಲ್ಲೇ ಲಾಂಗಲ ಬರತ್ತೆ, ಅದಕ್ಕೂ ಒಪ್ಪೋ ಹಾಗಿರೋ ಇಂಡೋ-ಯುರೋಪಿಯನ್ ಬೇರಿಲ್ಲ. ನಮ್ಮ ನೇಗಿಲು, ತಮಿಳಿನ ನಾಂಜಿಲ್ ಜೊತೆ ಸಂಬಂಧ ಇದೆ ಅಂತಾರೆ, ಮುಂಡಾ (ಸಂತಾಲಿ ಥರದ ಭಾಷೆಗಳ ಕುಟುಂಬ) ಮೂಲ ಅನ್ನೋ ವಾದಾನೂ ಇದೆ.

ಹೊಲಗದ್ದೆ: ಇಸವಿ ಹೇಳಕ್ಕಾಗಲ್ಲ, ಎರಡು ಗಡಿ ಹಾಕ್ಬಹುದು. ಎರವಲು ಅಂತ ಒಪ್ಪಿದ್ರೆ, 'ಪ' ಹಾಗೇ ಉಳಿದಿರೋದ್ರಿಂದ ಗ್ರಿಮ್ ಬದಲಾವಣೆ ಮುಗಿದ್ಮೇಲೆ ಬಂದಿರ್ಬೇಕು. ಜರ್ಮನ್ನಲ್ಲಿ ಅದು 'ಪ್ಫ' ಆಗಿದೆ, ಅಂದ್ರೆ ಹೈ ಜರ್ಮನ್ ವ್ಯಂಜನ ಪಲ್ಲಟಕ್ಕೆ (ಆಮೇಲೆ ಜರ್ಮನ್ನಲ್ಲಿ 'ಪ' 'ಪ್ಫ' ಆದ ಬದಲಾವಣೆ) ಮುಂಚೇನೇ ಅಲ್ಲಿ ಬೇರೂರಿತ್ತು. ರಷ್ಯನ್ನಿನ ಪ್ಲುಗ್ ಜರ್ಮಾನಿಕ್‌ನಿಂದ ಹೋಗಿದ್ದು.