ದೂರದ ಗುರುಗಳಿಂದ ಮಳೆಗಾಲದಲ್ಲಿ ಸಂಗೀತ ಪಾಠ: ಅನುಭವವಿದ್ದವರು ತಿಳಿಸಿ

ಹೊಸನಗರ ತಾಲ್ಲೂಕಿನಿಂದ ಒಬ್ಬ ತಾಯಿ

ಮಗಳು ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ ವರಸೆಗಳೆಂಬ ಆರಂಭದ ಸ್ವರಪಾಠಗಳನ್ನು ಮುಗಿಸಿ ಅಲಂಕಾರಗಳಿಗೆ (ಬೇರೆ ಬೇರೆ ತಾಳಗಳ ಸ್ವರಾಭ್ಯಾಸಕ್ಕೆ) ಬಂದಿದ್ದಾಳೆ. ಪಾಠ ಹೇಳುತ್ತಿದ್ದ ಮೇಡಂ ಈಗ ಮೈಸೂರಿನಲ್ಲಿ ನೆಲೆಸಿದ್ದು, ಮೊಬೈಲಿನಲ್ಲೇ ಮುಂದುವರಿಸಲು ಒಪ್ಪಿದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವಂತಿಲ್ಲ. ಲ್ಯಾಪ್‌ಟಾಪ್, ಮೈಕ್ ಕೊಳ್ಳಬೇಕೇ? ಶ್ರುತಿ ತೋರಿಸುವ ಆ್ಯಪ್‌ಗಳಿಂದ ಪ್ರಯೋಜನವಿದೆಯೇ? ದಯವಿಟ್ಟು ನಿಮ್ಮ ಅನುಭವ ಹಂಚಿಕೊಳ್ಳಿ.

ಶಿವಮೊಗ್ಗದ ಗಾಯನ ಶಿಕ್ಷಕಿ

ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಲ್ಯಾಪ್‌ಟಾಪ್ ಇಲ್ಲದೆಯೂ ಪಾಠ ಚೆನ್ನಾಗಿ ನಡೆಯುತ್ತದೆ. ಆದರೆ ಎದುರಿಗೆ ಕೂರಿಸಿಕೊಂಡು ಹೇಳಿಕೊಡುವ ಕ್ರಮವನ್ನೇ ಫೋನಿನಲ್ಲೂ ನಡೆಸಲು ಹೋದರೆ ಎಷ್ಟು ಬೆಲೆಯ ಉಪಕರಣವೂ ನೆರವಿಗೆ ಬಾರದು. ಅದಕ್ಕೆ ಕಾರಣ ದನಿ ತಲುಪುವಲ್ಲಿ ಆಗುವ ವಿಳಂಬ. ಇಬ್ಬರು ಕೂಡಿ ಹಾಡಬೇಕಾದರೆ ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡಿನೊಳಗೆ ಕೇಳಿಸಬೇಕು. ಹತ್ತು ಮೀಟರ್ ಆಚೆ ನಿಂತವರ ದನಿ ನಮ್ಮ ಕಿವಿ ಮುಟ್ಟಲು ಹಿಡಿಯುವ ಸಮಯ ಅಷ್ಟು. ವಿಡಿಯೊ ಕರೆಯಲ್ಲಿ ಇದು 200 ಮಿಲಿಸೆಕೆಂಡ್ ದಾಟುವುದು ತೀರಾ ಸಾಮಾನ್ಯ. ನಿಮಿಷಕ್ಕೆ 60 ಎಣಿಕೆಯಂತೆ ಆದಿತಾಳ ಹಾಕಿ ಮೂರನೇ ಕಾಲದಲ್ಲಿ, ಅಂದರೆ ಎಣಿಕೆಗೆ ನಾಲ್ಕು ಸ್ವರದ ವೇಗದಲ್ಲಿ, ಹಾಡುವಾಗ ಒಂದೊಂದು ಸ್ವರಕ್ಕೆ ಸಿಗುವುದು 250 ಮಿಲಿಸೆಕೆಂಡ್ ಮಾತ್ರವಾದ್ದರಿಂದ, ಗುರುಗಳು ಪಂಚಮಕ್ಕೆ ಬಂದಾಗ ಮಗುವಿಗೆ ಇನ್ನೂ ಮಧ್ಯಮ ಕೇಳಿಸುತ್ತಿರುತ್ತದೆ. ಇದನ್ನು ತಿಳಿಯದೆ ಮಗುವಿಗೆ ತಾಳ ನಿಲ್ಲುವುದಿಲ್ಲವೆಂದು ನೊಂದುಕೊಂಡ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅದು ಮಗುವಿನ ದೋಷವಲ್ಲ.

ಹೀಗಾಗಿ ನಾನು ಕರೆಯಲ್ಲಿ ಮಕ್ಕಳೊಂದಿಗೆ ಹಾಡುವುದೇ ಇಲ್ಲ. ಒಂದು ಆವರ್ತ (ತಾಳದ ಒಂದು ಸುತ್ತು) ಹಾಡಿ ತೋರಿಸಿ, ನನ್ನ ಕಡೆಯ ದನಿಯನ್ನು ಮ್ಯೂಟ್ ಮಾಡುತ್ತೇನೆ; ಆಮೇಲೆ ಮಗು ತಾನೇ ತಾಳ ಹಾಕಿಕೊಂಡು ಹಾಡಬೇಕು. ತಾಳವೂ ಹಾಡೂ ಒಂದೇ ಕಡೆಯಿಂದ ಹೊರಟರೆ ಎರಡೂ ಒಂದೇ ಪ್ರಮಾಣದಲ್ಲಿ ತಡವಾಗಿ ತಲುಪುತ್ತವೆ, ಆದ್ದರಿಂದ ಎಲ್ಲಿ ತಾಳ ತಪ್ಪಿತೆಂಬುದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ತಂಬೂರಿಯೂ ಅಷ್ಟೇ, ಮಗುವಿನ ಪಕ್ಕದಲ್ಲೇ ನುಡಿಯುತ್ತಿರಬೇಕು. ಮನೆಯಲ್ಲಿರುವ ಇನ್ನೊಂದು ಹಳೆಯ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿದರೂ ಸಾಕು. (1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ ಮೇಲೆ ಎಷ್ಟು ಮನೆಗಳಲ್ಲಿ ಸಾಧನೆಗೆ ಅನುಕೂಲವಾಯಿತೆಂದು ನೆನೆದರೆ ಇಂದಿಗೂ ಕೃತಜ್ಞತೆ ಮೂಡುತ್ತದೆ. ಅವರು ಸ್ವತಃ ಕೊಳಲು ವಾದಕರು.) ಕರೆಯ ಆ್ಯಪ್‌ಗಳು ಮಾತನ್ನು ಉಳಿಸಿ ಉಳಿದ ಸದ್ದನ್ನು ಅಳಿಸುವಂತೆ ರೂಪುಗೊಂಡಿವೆ, ಒಂದೇ ಸಮನೆ ನುಡಿಯುವ ತಂಬೂರಿಗೂ ಫ್ಯಾನಿನ ಸದ್ದಿಗೂ ಅವು ಭೇದ ಮಾಡುವುದಿಲ್ಲ, ಎಷ್ಟೋ ಸಲ ಮಗು ದೀರ್ಘವಾಗಿ ನಿಲ್ಲಿಸಿದ ಷಡ್ಜವನ್ನೂ ನಡುವೆ ನುಂಗಿಬಿಡುತ್ತವೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಆನ್ ಮಾಡಿ. ಗೂಗಲ್ ಮೀಟ್ ಆದರೆ ‘ನಾಯ್ಸ್ ಕ್ಯಾನ್ಸಲೇಶನ್’ ಆಫ್ ಮಾಡಿ. ಆಗ ಮಳೆಯ ಸದ್ದೂ ಒಳಬರುವುದರಿಂದ, ತಗಡಿನ ಮಾಡಿನ ಕೆಳಗೆ ಕೂರದೆ ನಡುಮನೆಯಲ್ಲಿ ಕೂರಿಸಿ. ಗುರುಗಳ ದನಿ ಅವರಿಗೇ ಮರಳಿ ಕೇಳಿಸದಿರಲು ಇಯರ್‌ಫೋನ್ ಬೇಕು. ಬ್ಲೂಟೂತ್‌ನದು ವಿಳಂಬವನ್ನು ಇನ್ನೂ ಹೆಚ್ಚಿಸುವುದರಿಂದ ವೈರ್ ಇರುವುದನ್ನೇ ತನ್ನಿ. ನಾನು ಕೊಳ್ಳಲು ಹೇಳುವ ವಸ್ತು ಇದೊಂದೇ.

ಇಷ್ಟಾದರೂ ಕಲಿಕೆಯ ಹೆಚ್ಚಿನ ಭಾಗ ನಡೆಯುವುದು ರೆಕಾರ್ಡಿಂಗ್ ಮೂಲಕವೇ ಎಂಬುದು ನನ್ನ ಗಟ್ಟಿ ನಂಬಿಕೆ. ಮಳೆ ಹೊಳವಾದಾಗ ಮಗು ಒಂದು ಅಲಂಕಾರವನ್ನು ಮೂರು ಕಾಲದಲ್ಲಿ ಹಾಡಿ ಫೋನಿನಲ್ಲಿ ಉಳಿಸಿಕೊಳ್ಳಲಿ. ನೆಟ್‌ವರ್ಕ್ ಸಿಕ್ಕ ಹೊತ್ತಿಗೆ ಅದು ಗುರುಗಳನ್ನು ತಲುಪಿದರಾಯಿತು. ನಾನು ಕೇಳಿ, ‘1 ನಿಮಿಷ 10ನೇ ಸೆಕೆಂಡಿನಲ್ಲಿ ಧೈವತ ಇಳಿದಿದೆ, ಕೇಳಿಸಿಕೋ’ ಎಂದು ಬರೆದು, ಅಷ್ಟೇ ಭಾಗವನ್ನು ಹಾಡಿ ಕಳಿಸುತ್ತೇನೆ. ಮಗು ಎರಡನ್ನೂ ಒಂದರ ಹಿಂದೊಂದು ಕೇಳಿದಾಗ ತನ್ನ ಕಿವಿಯಿಂದಲೇ ವ್ಯತ್ಯಾಸ ಹಿಡಿಯುತ್ತದೆ. ಎದುರಿನ ಪಾಠದಲ್ಲಿ ಹಾಡುವುದರಲ್ಲೇ ಮಗ್ನವಾದ ಮಗುವಿಗೆ ಈ ಅವಕಾಶ ಸಿಗುವುದು ಕಡಿಮೆ. ಆದರೆ ಉಸಿರು ಎಲ್ಲಿಂದ ಬರುತ್ತಿದೆ, ದವಡೆ ಬಿಗಿದಿದೆಯೇ ಎಂಬುದನ್ನು ಫೋನಿನಲ್ಲಿ ಸರಿಯಾಗಿ ನೋಡಲಾಗದು. ರಜೆಯಲ್ಲಿ ಕೆಲವು ದಿನವಾದರೂ ಮೈಸೂರಿಗೆ ಕರೆದೊಯ್ಯಿರಿ.

ತೀರ್ಥಹಳ್ಳಿಯಿಂದ ವೀಣೆ ಕಲಿಯುತ್ತಿರುವವರು

ಶ್ರುತಿ ತೋರಿಸುವ ಆ್ಯಪ್ ಬಗ್ಗೆ ಕೇಳಿದ್ದೀರಿ. ವೀಣೆಯ ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಲು ನಾನು ಅದನ್ನು ದಿನವೂ ಬಳಸುತ್ತೇನೆ, ಉಪಕಾರವಾಗಿದೆ. ಆದರೆ ಹಾಡುವ ಮಗುವಿನ ಮುಂದೆ ಅದನ್ನು ತೆರೆದಿಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಈ ಆ್ಯಪ್‌ಗಳಲ್ಲಿ ಹೆಚ್ಚಿನವು ಕೀಬೋರ್ಡಿನಂತೆ ಸ್ಥಾಯಿಯನ್ನು (ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರವನ್ನು) 12 ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ 100 ಸೆಂಟ್ ಎಂದು ಅಳೆಯುತ್ತವೆ. ಆ ಲೆಕ್ಕದಲ್ಲಿ ಅಂತರಗಾಂಧಾರ, ಅಂದರೆ ಎತ್ತರದ ಗಾಂಧಾರ, 400 ಸೆಂಟ್‌ನಲ್ಲಿರಬೇಕು. ತಂಬೂರಿಯ ಷಡ್ಜದ ತಂತಿಯಿಂದಲೇ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386ರಲ್ಲಿದೆ. ಮೊದಲ ಪಾಠಗಳ ಮಾಯಾಮಾಳವಗೌಳ ರಾಗದಲ್ಲಿ ಇರುವುದು ಇದೇ ಅಂತರಗಾಂಧಾರ. ಮಗು ತಂಬೂರಿಗೆ ಕಿವಿಗೊಟ್ಟು ಸರಿಯಾಗಿ ಸೇರಿಸಿ ಹಾಡಿದರೆ ಆ್ಯಪಿನ ಮುಳ್ಳು 14 ಸೆಂಟ್ ಕಡಿಮೆಯೆಂದು ತೋರಿಸುತ್ತದೆ, ಮಗು ಸ್ವರವನ್ನು ಏರಿಸುತ್ತದೆ, ಅಲ್ಲಿಗೆ ತಂಬೂರಿಯ ಜೊತೆಗಿನ ಸಂಬಂಧ ಕೆಡುತ್ತದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್ ಆದ್ದರಿಂದ ತಂತಿ ಕೂಡಿಸುವಾಗ ಈ ತೊಂದರೆ ಬಾರದು. ಮುಂದೆ ಗಮಕಗಳು, ಅಂದರೆ ಸ್ವರವನ್ನು ಅಲುಗಿಸುವ ಬಗೆಗಳು, ಬಂದಾಗಂತೂ ಮುಳ್ಳು ನಿಲ್ಲುವುದೇ ಇಲ್ಲ; ತೋಡಿ ರಾಗದ ಗಾಂಧಾರವನ್ನು ಯಾವ ಗೆರೆಯ ಮೇಲೆ ನಿಲ್ಲಿಸಿ ಸರಿಯೆನ್ನಬೇಕು?

ಹಾಡಿ ಮುಗಿದ ಮೇಲೆ ಆರಂಭದ ಷಡ್ಜದಲ್ಲೇ ಇದ್ದಾಳೆಯೇ ಎಂದು ನೀವು ಒಮ್ಮೆ ನೋಡಿಕೊಳ್ಳಲು ಆ್ಯಪ್ ಸಾಕು. ಅದು ನಿಮ್ಮ ಕೈಯಲ್ಲಿರಲಿ, ಅವಳ ಕೈಯಲ್ಲಿ ಬೇಡ.

ಸಾಗರದ ಮೃದಂಗ ಶಿಕ್ಷಕರು

ಲಯವಾದ್ಯದವರಿಗೂ ಇದು ಉಪಯೋಗವಾಗಲೆಂದು ಒಂದೇ ಮಾತು ಸೇರಿಸುತ್ತೇನೆ. ಫೋನಿನ ಮೈಕ್ ದೊಡ್ಡ ಸದ್ದು ಬಂದೊಡನೆ ಒಟ್ಟು ದನಿಯನ್ನೇ ಕುಗ್ಗಿಸುತ್ತದೆ; ಚಂಡೆ, ಮೃದಂಗಗಳ ಗಟ್ಟಿ ಪೆಟ್ಟಿನ ಹಿಂದೆಯೇ ಬರುವ ಮೆಲ್ಲನೆಯ ಪೆಟ್ಟು ಗುರುಗಳಿಗೆ ಕೇಳಿಸದೇ ಹೋಗುತ್ತದೆ. ಫೋನನ್ನು ವಾದ್ಯದ ಮುಂದಿಡದೆ ಏಳೆಂಟು ಅಡಿ ದೂರದಲ್ಲಿ, ಬಟ್ಟೆಯ ಮೇಲೆ ಇಡಿ. ಆಷಾಢದ ಥಂಡಿಗೆ ಚರ್ಮ ಸಡಿಲವಾಗಿ ನಾದ ಇಳಿದಿದ್ದರೆ ಅದನ್ನು ಮೊದಲೇ ತಿಳಿಸಿಬಿಡಿ, ರೆಕಾರ್ಡಿಂಗ್ ಕೇಳುವವರಿಗೆ ಅದು ಕೈಯ ದೋಷವೆಂದು ತೋರಬಹುದು.

ಹೊಸಹಳ್ಳಿಯಿಂದ ಗಮಕ ಅಭ್ಯಾಸಿ

ನಮ್ಮದು ಗಮಕದ ಊರು; ಮೇಲೆ ಹೇಳಿದ ಸ್ವರದ ಗಮಕವಲ್ಲ, ಕಾವ್ಯವನ್ನು ರಾಗವಾಗಿ ಓದುವ ಕಲೆ. ಇಲ್ಲಿಯವರೇ ಆದ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಮಗೆಲ್ಲ ಹೆಮ್ಮೆ. ಭಾಮಿನಿ ಷಟ್ಪದಿಯ ವಾಚನವನ್ನು ನಾನು ಬಹುಪಾಲು ರೆಕಾರ್ಡಿಂಗ್‌ಗಳಿಂದಲೇ ಅಭ್ಯಾಸ ಮಾಡುತ್ತಿರುವುದರಿಂದ ಇದನ್ನು ಹೇಳುತ್ತಿದ್ದೇನೆ: ಒಂದು ರಚನೆ ಗಟ್ಟಿಯಾಗುವವರೆಗೆ ನಿಮ್ಮ ಗುರುಗಳ ದನಿಯೊಂದನ್ನೇ ಕೇಳಿಸಿ. ಯೂಟ್ಯೂಬಿನಲ್ಲಿ ಅದೇ ಗೀತೆಯ ಬೇರೆ ಬೇರೆ ಪಾಠಾಂತರಗಳು ಸಿಗುತ್ತವೆ, ಎಲ್ಲವೂ ತಮ್ಮ ತಮ್ಮ ಪರಂಪರೆಯಲ್ಲಿ ಸರಿಯೇ. ಆದರೆ ಅವನ್ನು ಬೆರೆಸಿ ಹಾಡಿದರೆ ಯಾವುದೂ ಆಗುವುದಿಲ್ಲ. ದೊಡ್ಡ ವಿದ್ವಾಂಸರ ಕಛೇರಿಗಳನ್ನು ಧಾರಾಳವಾಗಿ ಕೇಳಿಸಿ, ಕೇಳ್ಮೆಗೆ ಮಿತಿ ಬೇಡ. ನನ್ನ ಮಾತು ಪಾಠಕ್ಕೆ ಮಾತ್ರ ಸಂಬಂಧಿಸಿದ್ದು.

ಹೊಸನಗರ ತಾಲ್ಲೂಕಿನ ತಾಯಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇನ್ನೊಂದು ಸಂದೇಹ ಉಳಿದಿದೆ. ಮಗಳು ಹಾಡುವುದು ಐದೂವರೆ ಮನೆ ಶ್ರುತಿಗೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅವಳ ಷಡ್ಜದ ಎತ್ತರ). ಮೇಡಂ ಕಳಿಸಿರುವ ಹಳೆಯ ಪಾಠಗಳು ಐದರಲ್ಲಿವೆ, ವೇಗವೂ ಅವಳಿಗೆ ಹೆಚ್ಚು. ಇದಕ್ಕೇನು ಮಾಡಲಿ?

ಶಿವಮೊಗ್ಗದ ಗಾಯನ ಶಿಕ್ಷಕಿ

ವೇಗದ್ದು ಸುಲಭ. ಶ್ರುತಿ ಬದಲಾಗದಂತೆ ವೇಗವನ್ನು 0.75ಕ್ಕೆ ಇಳಿಸುವ ಅನುಕೂಲ ಹೆಚ್ಚಿನ ಪ್ಲೇಯರ್‌ಗಳಲ್ಲಿದೆ. ಅರ್ಧಕ್ಕೆ ಇಳಿಸಿದರೆ ಸ್ವರದ ಅಂಚುಗಳು ಮಸುಕಾಗುತ್ತವೆ, ಅಷ್ಟು ಬೇಡ. ಶ್ರುತಿಯನ್ನು ಅರ್ಧ ಮನೆ ಏರಿಸಲು ಕಂಪ್ಯೂಟರಿನಲ್ಲಿ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶವಿದೆ, ಪರಿಚಯದವರಿಂದ ಒಮ್ಮೆ ಮಾಡಿಸಿಟ್ಟುಕೊಂಡರೆ ಸಾಕು. ಇನ್ನು ಮುಂದಿನ ಪಾಠಗಳನ್ನು ಮಗುವಿನ ಶ್ರುತಿಯಲ್ಲೇ, ತಂಬೂರಿ ಹಾಕಿಕೊಂಡು, ಮೊದಲ ಕಾಲದಲ್ಲಿ ಹಾಡಿ ಕಳಿಸುವಂತೆ ಮೇಡಂ ಅವರನ್ನು ಸಂಕೋಚಪಡದೆ ಕೇಳಿ. ಕಲಿಸುವವರು ಯಾರೂ ಇದಕ್ಕೆ ಬೇಸರಪಡುವುದಿಲ್ಲ.